ನಾಲ್ಕು ಮ್ಯೂಸಿಯಂ ಬೇಡ, ಮೊದಲು ನಂದಿಗೆ ಹೋಗಿ

ಅತ್ತಿಗೆ, ನಿಮ್ಮ ಮೆಸೇಜ್ ನೋಡ್ದೆ. ಚಿಕ್ಕಬಳ್ಳಾಪುರದಿಂದ ಬೆಳಿಗ್ಗೆ ಹೊರಟ್ರೆ ಬೆಂಗಳೂರಲ್ಲಿ ಒಂದೇ ದಿನಕ್ಕೆ ನಾಲ್ಕು ಮ್ಯೂಸಿಯಂ ಮುಗಿಸ್ಬೋದಾ, ಮಕ್ಕಳಿಗೆ ಶಿಲ್ಪ, ಚಿತ್ರ ಎಲ್ಲ ಅರ್ಥ ಆಗ್ಬೇಕು ಅಂತ ಕೇಳಿದೀರ. ಟೈಪ್ ಮಾಡೋಕೆ ಕೂತ್ರೆ ಮುಗಿಯಲ್ಲ, ಅದಕ್ಕೇ ವಾಯ್ಸ್ ಹಾಕ್ತಿದೀನಿ.

ಮುಗಿಸ್ಬೋದು, ಆದ್ರೆ ತಲೇಲಿ ಏನೂ ಉಳಿಯಲ್ಲ. ಒಂದೂವರೆ ಗಂಟೆ ಆದ್ಮೇಲೆ ಮಕ್ಕಳಿಗೆ ಎಲ್ಲಾ ವಿಗ್ರಹನೂ ಒಂದೇ ಥರ ಕಾಣತ್ತೆ. ದೊಡ್ಡೋರಿಗೂ ಅಷ್ಟೇ ಬಿಡಿ, ಹೇಳ್ಕೊಳಲ್ಲ.

ಬೆಂಗಳೂರಿಗೆ ಹೋಗೋ ಹಿಂದಿನ ವಾರ ನಂದಿಗೆ ಹೋಗಿ. ಬೆಟ್ಟದ ಮೇಲಲ್ಲ, ಕೆಳಗೆ ಊರಲ್ಲಿ ಭೋಗನಂದೀಶ್ವರ ದೇವಸ್ಥಾನಕ್ಕೆ. ಮಧ್ಯಾಹ್ನ ಬೇಡ, ಬಿಸಿಲು ನೆತ್ತಿ ಮೇಲಿದ್ರೆ ಕೆತ್ತನೆಯೆಲ್ಲ ಚಪ್ಪಟೆ ಕಾಣತ್ತೆ. ಬೆಳಿಗ್ಗೆ ಎಂಟರ ಓರೆ ಬಿಸಿಲೇ ಚೆನ್ನ. ಹೊರಗೋಡೇಲಿ ಕಲ್ಲಿನ ಜಾಲಂಧ್ರಗಳಿವೆ, ಅಂದ್ರೆ ತೂತು ಕೊರೆದು ಕೆತ್ತಿದ ಕಿಟಕಿಗಳು. ದಕ್ಷಿಣದ ಕಡೆ ಕುಣಿಯೋ ಶಿವ, ಉತ್ತರದಲ್ಲಿ ಕೋಣನ ತಲೆ ಮೇಲೆ ನಿಂತ ದುರ್ಗೆ. ಅದನ್ನ ನೋಡಿ, ಎರಡು ದೊಡ್ಡ ಗುಡಿಗಳ ಮಧ್ಯದ ಕಲ್ಯಾಣ ಮಂಟಪಕ್ಕೆ ಬನ್ನಿ. ಕಪ್ಪು ಕಲ್ಲಿನ ನಾಲ್ಕು ಕಂಬ, ಅದರಲ್ಲಿ ಬಳ್ಳಿ, ಹಕ್ಕಿ, ದೇವ ದಂಪತಿಗಳು, ಎಲ್ಲ ಹೊಯ್ಸಳರ ಕೆಲಸದ ಹಾಗೆ ಸಣ್ಣಸಣ್ಣದಾಗಿ. "ಗೋಡೇಲಿ ಯಾಕೆ ಇಷ್ಟು ನಾಜೂಕಿಲ್ಲ?" ಅಂತ ಮಕ್ಕಳನ್ನೇ ಕೇಳಿ. ಗೋಡೆ ನಮ್ಮ ಕಡೆಯ ಕಣಶಿಲೆದು, ಅದೇ ಗ್ರಾನೈಟ್; ದಪ್ಪ ಹರಳು, ಉಳಿ ಬಿದ್ರೆ ಚಕ್ಕೆ ಎದ್ದು ಹೋಗತ್ತೆ. ಹೊಯ್ಸಳರ ಬೇಲೂರು, ಹಳೇಬೀಡಲ್ಲಿ ಬಳಪದ ಕಲ್ಲು, ಗಣಿಯಿಂದ ತೆಗೆದಾಗ ಮೆತ್ತಗಿರತ್ತೆ, ಆಮೇಲೆ ಗಾಳಿಗೆ ಗಟ್ಟಿಯಾಗತ್ತೆ. ಅದಕ್ಕೇ ಅಲ್ಲಿ ಒಡವೆಯ ಮಣಿ ಕೂಡ ಎಣಿಸ್ಬೋದು.

ವಾಪಸ್ ಬರೋವಾಗ ಯಾವ್ದಾದ್ರೂ ಊರ ಹೊರಗೆ ವೀರಗಲ್ಲು, ಅಂದ್ರೆ ಕಾಳಗದಲ್ಲಿ ಸತ್ತ ವೀರನ ನೆನಪಿಗೆ ನೆಟ್ಟ ಕಲ್ಲು, ಸಿಗ್ಬೋದು. ಅದನ್ನ ಕೆಳಗಿನಿಂದ ಮೇಲಕ್ಕೆ ಓದ್ಬೇಕು. ಸಾಮಾನ್ಯವಾಗಿ ಕೆಳಗೆ ಕಾಳಗ, ಮಧ್ಯೆ ಅಪ್ಸರೆಯರು ವೀರನನ್ನ ಕರ್ಕೊಂಡು ಹೋಗೋದು, ಮೇಲೆ ಲಿಂಗದ ಮುಂದೆ ಅವನು. ಅಕ್ಷರ ಕಾಣ್ಲಿಲ್ಲ ಅಂತ ಸೀಮೆಸುಣ್ಣ, ಎಣ್ಣೆ ಹಚ್ಬೇಡಿ, ಕಲ್ಲು ಹಾಳಾಗತ್ತೆ. ಮೊಬೈಲ್ ಟಾರ್ಚನ್ನ ಪಕ್ಕದಿಂದ, ಕಲ್ಲಿಗೆ ಒಂದು ಗೇಣು ದೂರದಲ್ಲಿ ಹಿಡೀರಿ. ಅಕ್ಷರ ತಾನಾಗೇ ಎದ್ದು ಬರತ್ತೆ.

ಇಷ್ಟು ನೋಡಿರೋ ಮಕ್ಕಳು ಕಸ್ತೂರಬಾ ರಸ್ತೆಯ ಸರ್ಕಾರಿ ಮ್ಯೂಸಿಯಮ್ಮಲ್ಲಿ ಆತಕೂರಿನ ಕಲ್ಲಿನ ಮುಂದೆ ತಾವಾಗೇ ನಿಲ್ತಾರೆ. 949ನೇ ಇಸವಿದು. ಹಂದಿ ಜೊತೆ ಕಾದಾಡಿ ಸತ್ತ ಕಾಳಿ ಅನ್ನೋ ನಾಯಿಗೆ ಹಾಕಿಸಿದ ಕಲ್ಲು, ಆ ಜಗಳಾನೂ ಕೆತ್ತಿದಾರೆ. ಹಂದಿನೂ ಸತ್ತಿತು ಅಂತ ಬರಹದಲ್ಲಿದೆ. ಹೊರಡೋ ಮುಂಚೆ ಫೋನ್ ಮಾಡಿ, ಯಾವ ಗ್ಯಾಲರಿ ತೆರೆದಿದೆ ಅಂತ ಕೇಳ್ಕೊಳ್ಳಿ. ಸೋಮವಾರ ಸಾಮಾನ್ಯವಾಗಿ ರಜಾ.

ಒಳಗೆ ಹೋದ್ಮೇಲೆ ಮೂರೇ ವಸ್ತು ಸಾಕು, ಒಂದೊಂದಕ್ಕೆ ಹತ್ತು ನಿಮಿಷ ಪೆನ್ಸಿಲ್ ಹಿಡಿದು ಕೂರ್ಸಿ. ಮಕ್ಕಳು ಮುಖದಿಂದ ಶುರು ಮಾಡ್ತಾರೆ, ಕೊನೆಗೆ ಕಾಲು ಹಾಳೆ ದಾಟಿ ಹೋಗತ್ತೆ. ಮೊದಲು ತಲೆ ಎಲ್ಲಿ, ಪಾದ ಎಲ್ಲಿ ಅಂತ ಎರಡು ಗೆರೆ ಎಳೆಸಿ, ನಡುವೆ ಸೊಂಟ ಎತ್ತ ಬಾಗಿದೆ ಅಂತ ಇನ್ನೊಂದು. ಮುಖ ಆಮೇಲೆ. ಫೋಟೋ ತೆಗೆಯೋದಾದ್ರೆ ಮೊದಲು ಪಕ್ಕದ ಫಲಕದ್ದು, ಆಮೇಲೆ ವಸ್ತುವಿನದು; ಇಲ್ಲಾಂದ್ರೆ ಮನೇಲಿ ಯಾವ್ದು ಯಾವ್ದಂತ ಗೊತ್ತಾಗಲ್ಲ. ಜಲವರ್ಣ ಇರೋ ಕೋಣೆ ಮಬ್ಬಾಗಿರತ್ತೆ, ಬೆಳಕಿಗೆ ಬಣ್ಣ ಮಾಸತ್ತೆ ಅಂತ. ಎರಡು ನಿಮಿಷ ಸುಮ್ನೆ ನಿಂತ್ರೆ ಕಣ್ಣು ಹೊಂದ್ಕೊಳ್ಳತ್ತೆ.

ಮಧ್ಯಾಹ್ನಕ್ಕೆ ಚಿತ್ರಕಲಾ ಪರಿಷತ್ತಿನ ತೊಗಲುಗೊಂಬೆ ಒಂದೇ ಇಟ್ಕೊಳ್ಳಿ. ಹದ ಮಾಡಿದ ಚರ್ಮ ಬೆಳಕನ್ನ ಒಳಗಿಂದ ಬಿಡತ್ತೆ, ಹಾಗಾಗಿ ಮುಂದಿನಿಂದ ನೋಡಿದ್ರೆ ಮಂಕು, ಹಿಂದೆ ದೀಪ ಇದ್ರೆ ಕೆಂಪು ಹಸಿರು ಉರಿಯತ್ತೆ. ಬ್ಯಾಗ್ ಕೌಂಟರಲ್ಲೇ ಇಡಿಸಿದ್ರೂ ಇಡಿಸ್ಬೋದು, ಪೆನ್ಸಿಲ್, ಪುಸ್ತಕ ಮಕ್ಕಳ ಕೈಯಲ್ಲೇ ಇರ್ಲಿ.