ಸಹಾಯ ಬೇಕು: ಯಾವ ನಾಯಿ ಸಾಕೋದು, ಮುಧೋಳವೋ, ರಾಜಪಾಳಯಂವೋ?

ಹುಬ್ಬಳ್ಳಿ, 30×40 ಸೈಟಿನ ಮನೆ. 4 ಅಡಿ ಕಾಂಪೌಂಡು, 8 ವರ್ಷದ ಮಗು, ಪಕ್ಕದಲ್ಲೇ ಕೋಳಿಗೂಡು. ಎರಡೂ ಕಣ್ಣಳತೆಯಲ್ಲೇ ಬೇಟೆ ಹಿಡಿಯೋ ತಳಿ, ಕೋಳಿ ಓಡಿದ್ರೆ ಸಿಳ್ಳೆಗೆ ತಿರುಗಲ್ಲ. ಹಾಗಾಗಿ ಜಾಲರಿ ಹಾಕಿ ಗೋಡೆ 6 ಅಡಿಗೆ ಏರಿಸೋದು ಖಚಿತ. ಇವುಗಳ ತಲೆ ಸಣ್ಣದು, ಸಾದಾ ಕತ್ತಿನ ಪಟ್ಟಿಯಿಂದ ಜಾರಿಕೊಳ್ಳುತ್ತೆ. ಎಳೆದಾಗ ಬಿಗಿಯಾಗೋ ಅಗಲ ಮಾರ್ಟಿಂಗೇಲ್ ಪಟ್ಟಿಯೇ ಬೇಕು.

ರಾಜಪಾಳಯಂನಲ್ಲಿ ಹೆದರಿಕೆ ಕಿವುಡಿನದು, ಬಿಳಿ ಮೈಬಣ್ಣದ ಜೊತೆಗೇ ಬರೋ ತೊಂದರೆ. ಮರಿ ನಿದ್ದೆಯಲ್ಲಿರುವಾಗ ಬೆನ್ನ ಹಿಂದೆ ಕೀಲಿಗೊಂಚಲು ಅಲ್ಲಾಡಿಸಿ ನೋಡಬಹುದು (ನೆಲ ತಟ್ಟಬಾರದು, ಅದುರಿಗೇ ಎದ್ದುಬಿಡುತ್ತೆ). ಆದ್ರೆ ಒಂದೇ ಕಿವಿ ಕಿವುಡಾಗಿದ್ರೆ ಇದರಲ್ಲಿ ಸಿಕ್ಕಿಬೀಳಲ್ಲ. ಒಂದೊಂದು ಕಿವಿಯನ್ನೂ ಬೇರೆಬೇರೆಯಾಗಿ ಪರೀಕ್ಷಿಸೋ ಬೇರ್ (BAER) ಟೆಸ್ಟ್ ಕರ್ನಾಟಕದಲ್ಲಿ ಎಲ್ಲಿ ಮಾಡ್ತಾರೆ?

ಮುಧೋಳದ್ದು ತೆಳು ಚರ್ಮ, ಮೈಯಲ್ಲಿ ಕೊಬ್ಬೇ ಇಲ್ಲ. ಸಿಮೆಂಟ್ ನೆಲದಲ್ಲಿ ಮಲಗಿದ್ರೆ ಮೊಣಕೈ ಹುಣ್ಣಾಗುತ್ತೆ. ಥಯೋಪೆಂಟೋನ್ ಅರಿವಳಿಕೆ ಕೊಟ್ರೆ ಎಚ್ಚರವಾಗೋದು ತುಂಬಾ ತಡ. ಸಂತಾನಹರಣಕ್ಕೆ ಅದರ ಬದಲು ಪ್ರೊಪೋಫಾಲ್ ಅರಿವಳಿಕೆ ಬಳಸೋ ಪಶುವೈದ್ಯರು ಹುಬ್ಬಳ್ಳಿ-ಧಾರವಾಡದಲ್ಲಿದ್ದಾರಾ?

ನಮ್ಮ ಒಲವು ಮುಧೋಳದ ಕಡೆಗೇ. ಮುಧೋಳ ಹತ್ತಿರದ ತಿಮ್ಮಾಪುರದ ಶ್ವಾನ ಸಂಶೋಧನಾ ಕೇಂದ್ರದಿಂದ ಮರಿ ತಂದವರು ಬುಕಿಂಗ್ ಆದ್ಮೇಲೆ ಎಷ್ಟು ತಿಂಗಳು ಕಾದ್ರಿ, ಹೇಳಿ. ಮಕ್ಕಳಿರೋ ಮನೆಯಲ್ಲಿ ಎರಡನ್ನೂ ಸಾಕಿದವರ ಮಾತು ಮೊದಲು ಬೇಕು. ಮರಿ ಮಾರೋರು ದಯವಿಟ್ಟು ಇನ್‌ಬಾಕ್ಸ್‌ಗೆ ಬರಬೇಡಿ.