ಬೆಟ್ಟದ ತಪ್ಪಲಿನ ಹಳ್ಳಿ ರಸ್ತೆಗೆ ರೋಡ್ ಬೈಕ್ (ತೆಳು ಟೈರಿನ ಸೈಕಲ್) ತಗೊಂಡು ಹೋಗೋದು, ರೂಟ್ ಹೇಗೆ ಆರಿಸ್ತೀರಾ?

ಪ್ರಶ್ನೆ:
ಇಷ್ಟು ದಿನ ಬಯಲು ರಸ್ತೇಲೇ 60-70 ಕಿ.ಮೀ. ಓಡಿಸ್ತಿದ್ದೆ, ಈಗ ಹಳ್ಳಿಗಳ ಮಧ್ಯೆ ಹಾದು ಬೆಟ್ಟದ ಬುಡದವರೆಗೂ ಹೋಗಿ ಬರ್ಬೇಕು ಅಂತ ತುಂಬಾ ಆಸೆ. ಮ್ಯಾಪಲ್ಲಿ 80 ಕಿ.ಮೀ., ಒಟ್ಟು ಏರು 1,100 ಮೀಟರ್ ತೋರಿಸ್ತಿದೆ. ಜಾಸ್ತಿ ಆಯ್ತಾ? ಗೇರ್ ಚಕ್ರದ ಹಲ್ಲು ಮುಂದೆ 50/34, ಹಿಂದೆ 11-28, ಟೈರ್ ಅಗಲ 25 ಎಂಎಂ, ರಿಮ್ ಬ್ರೇಕ್ (ಚಕ್ರದ ಅಂಚನ್ನೇ ಹಿಡಿಯೋ ಬ್ರೇಕ್).

ಉತ್ತರ 1:
ಒಟ್ಟು ಏರು ನೋಡಿ ಹೆದರ್ಬೇಡಿ, ಅದು ಎಲ್ಲಿ ಬರುತ್ತೆ ಅನ್ನೋದೇ ಮುಖ್ಯ. ದಾರಿಯುದ್ದಕ್ಕೂ ಹರಡಿದ್ರೆ ಸಣ್ಣ ಸಣ್ಣ ದಿಬ್ಬ ಅಷ್ಟೆ, ಅದೇ ಒಂದೇ 10 ಕಿ.ಮೀ.ನಲ್ಲಿ 700 ಮೀಟರ್ ಇದ್ರೆ ಸರಾಸರಿ 7% ಆಯ್ತು, ಅದೂ ಸರಾಸರಿ ಮಾತ್ರ, ಮಧ್ಯೆ ಎಲ್ಲೋ 12% ಸಿಕ್ಕಿದ್ರೆ ನಿಮ್ಮ ಅತಿ ಹಗುರದ ಗೇರ್ 34-28ರಲ್ಲೂ ಮಂಡಿಗೆ ಬಹಳ ಭಾರ. ಹಿಂದೆ 32 ಹಲ್ಲಿಂದು ಹಾಕಿಸ್ಕೊಳ್ಳಿ, ನಿಮ್ಮ ಚೈನನ್ನ ಗೇರಿಂದ ಗೇರಿಗೆ ಸರಿಸೋ ಡಿರೇಲರ್‌ಗೆ ಹೊಂದುತ್ತಾ ಮೊದಲು ಕೇಳ್ಕೊಳ್ಳಿ.

ಉತ್ತರ 2:
ಮೇಲಿನವರು ಹೇಳಿದ್ದು ಸರಿ, ಆದ್ರೆ ನಂಗೆ ಇಳಿಜಾರೇ ಜಾಸ್ತಿ ಚಿಂತೆ. ರಿಮ್ ಬ್ರೇಕ್ ಒತ್ತಿಟ್ಕೊಂಡೇ ಇಳೀಬೇಡಿ, ರಿಮ್ ಕಾದು ಟ್ಯೂಬ್ ಒಡೆಯೋ ಅಪಾಯ ಇದೆ. ತಿರುವಿಗೆ ಮುಂಚೆನೇ ಗಟ್ಟಿಯಾಗಿ ಹಿಡಿದು ಸ್ಪೀಡ್ ಇಳಿಸಿ, ಆಮೇಲೆ ಬಿಟ್ಬಿಡಿ. ಹಳ್ಳಿ ರಸ್ತೆ ತಿರುವಲ್ಲಿ ಜಲ್ಲಿ, ಮಣ್ಣು, ದನ ಏನು ಬೇಕಾದ್ರೂ ಇರುತ್ತೆ. ಫ್ರೇಮಲ್ಲಿ ಜಾಗ ಇದ್ರೆ 28 ಎಂಎಂ ಟೈರ್ ಹಾಕಿ, ಗಾಳಿ ಸ್ವಲ್ಪ ಕಮ್ಮಿ ಇಟ್ರೂ ನಡೆಯುತ್ತೆ, ಕೈ ನೋವೂ ಕಮ್ಮಿ.

ಪ್ರಶ್ನೆ ಕೇಳಿದವರು:
ತುಂಬಾ ಥ್ಯಾಂಕ್ಸ್! ಈಗ ನೋಡ್ದೆ, 35ನೇ ಕಿ.ಮೀ. ಆದ್ಮೇಲೇನೇ ಮುಕ್ಕಾಲು ಪಾಲು ಏರು ಇದೆ. ಮೊದಲು ಗೇರ್ ಬದಲಾಯಿಸ್ತೀನಿ.