ಮನೆತನದ ಹಳೆಯ ದಫ್ತರವನ್ನು ಪತ್ರಾಗಾರಕ್ಕೆ ಒಪ್ಪಿಸಬಹುದೇ?

ಕೇಳಿದವರು, ಸುರಪುರ:
ನಮ್ಮ ಮಾಳಿಗೆ ಮನೆಯಲ್ಲಿ ಮುತ್ತಜ್ಜನ ಕಾಲದ ದಫ್ತರಗಳಿವೆ. ಮೋಡಿಯ (ಮರಾಠಿಯ ಹಳೆಯ ಕೂಡುಬರಹ) ಲೆಕ್ಕಪತ್ರ, ಶಿಕಸ್ತ ಎಂಬ ಓಡುಬರಹದಲ್ಲಿ ಬರೆದ ಉರ್ದು ಹುಕುಂಗಳು, ಸಂಸ್ಥಾನದ ಮುದ್ರೆಯಿರುವ ಒಂದೆರಡು ಹಾಳೆಗಳು. ಮನೆ ಕೆಡವುವ ಮಾತು ನಡೆದಿದೆ. ಇವನ್ನು ಪತ್ರಾಗಾರಕ್ಕೆ ಒಪ್ಪಿಸಬೇಕೇ, ಮನೆಯಲ್ಲೇ ಇಟ್ಟುಕೊಳ್ಳಬೇಕೇ? ಅನುಭವವಿದ್ದವರು ದಯವಿಟ್ಟು ತಿಳಿಸಿ.

ಬಸವಕಲ್ಯಾಣದವರು:
ನಾನು ಒಪ್ಪಿಸಿದ್ದೇನೆ, ಹೆಮ್ಮೆಯಿಂದಲೇ ಹೇಳುತ್ತೇನೆ. ದಾಯಾದಿಗಳ ಪಾಲಿಗೆ ಹೋದ ಕುಲಕರ್ಣಿಕೆಯ ಕಾಗದಗಳು ರದ್ದಿಯವನ ತಕ್ಕಡಿ ಸೇರಿದವು, ನನ್ನ ಪಾಲಿನವು ಉಳಿದವು. ಪ್ರತಿ ಹಾಳೆಯ ಹಿಂಬದಿಯ ಮೂಲೆಯಲ್ಲಿ ಮೆತ್ತನೆಯ ಪೆನ್ಸಿಲ್ಲಿನಿಂದ ಸಂಖ್ಯೆ ಬರೆದು, ಪಟ್ಟಿ ತಯಾರಿಸಿ, ಅದರ ಎರಡೂ ಪ್ರತಿಗಳಿಗೆ ಅಧಿಕಾರಿಯ ಸಹಿ ಮತ್ತು ಮೊಹರು ಪಡೆದ ಮೇಲೆಯೇ ಗಂಟನ್ನು ಕೈಬಿಟ್ಟೆ. ಖರ್ಚು ಕೇಳಿ: ಶಿಕಸ್ತ ಓದಿಕೊಟ್ಟವರಿಗೆ ಪುಟಕ್ಕೆ 350 ರೂಪಾಯಿ, ಮೋಡಿಗೆ 250. ಹಳೆಯ ಕಾಗದ ಕೆಡದಂತೆ ಇಡುವ ಆಮ್ಲರಹಿತ ಲಕೋಟೆಗಳನ್ನು 4,200 ರೂಪಾಯಿ ಕೊಟ್ಟು ಹೈದರಾಬಾದಿನಿಂದ ತರಿಸಿದರೆ ಅರ್ಧದಷ್ಟು ಮಳೆಯಲ್ಲಿ ನೆನೆದು ಬಂದವು; ಸಾಗಿಸಿದವರು ನಯಾಪೈಸೆ ಮರಳಿಸಲಿಲ್ಲ.

ಸೇಡಂನವರು:
ಹೆಮ್ಮೆ ಪಡುವವರಿಗೆ ಜಮೀನಿನ ದಾವೆ ಇರಲಿಕ್ಕಿಲ್ಲ. ನಮ್ಮ ಚಿಕ್ಕಪ್ಪನವರು ಇನಾಮಿನ ಮುಂತಖಬನ್ನೂ (ಇನಾಮಿನ ಹಕ್ಕು ತೋರಿಸುವ ಸರ್ಕಾರಿ ಪತ್ರ) ಸೇರಿಸಿ ಎಲ್ಲವನ್ನೂ ಒಂದು ಸಂಸ್ಥೆಗೆ ಕೊಟ್ಟುಬಿಟ್ಟರು. 1955ರ ಹೈದರಾಬಾದ್ ಇನಾಮು ರದ್ದತಿ ಕಾಯ್ದೆಯಡಿ ಹಕ್ಕಿನ ಪ್ರಶ್ನೆ ಎದ್ದಾಗ ಎದುರು ವಕೀಲರು ಮೂಲ ಕಾಗದವನ್ನೇ ಕೇಳಿದರು. ಸಂಸ್ಥೆಯವರಿಗೆ ಅದು ಯಾವ ಕಪಾಟಿನಲ್ಲಿದೆ ಎಂಬುದೇ ಗೊತ್ತಿರಲಿಲ್ಲ. ಮೂವತ್ತು ವರ್ಷ ದಾಟಿದ ದಸ್ತಾವೇಜು ಯೋಗ್ಯ ಸುಪರ್ದಿನಿಂದ, ಅಂದರೆ ಇರಬೇಕಾದವರ ವಶದಿಂದ, ಬಂದರೆ ಅದರ ಸಹಿಯನ್ನು ನ್ಯಾಯಾಲಯ ಅಸಲಿಯೆಂದು ಭಾವಿಸಬಹುದು. ಹಳೆಯ ಸಾಕ್ಷ್ಯ ಕಾಯ್ದೆಯ 90ನೇ ಕಲಮು 2023ರ ಹೊಸ ಕಾಯ್ದೆಯಲ್ಲಿ 92ನೆಯದಾಗಿ ಉಳಿದಿದೆ. ಕಾಗದವೇ ಕೈಗೆ ಸಿಗದಿದ್ದರೆ ಕಲಮು ಕಟ್ಟಿಕೊಂಡು ಏನು ಮಾಡಬೇಕು?

ಬಸವಕಲ್ಯಾಣದವರು:
ಪಟ್ಟಿ ಮಾಡದೆ ಕೊಟ್ಟವರು ನಿಮ್ಮ ಚಿಕ್ಕಪ್ಪ. ಅದಕ್ಕೆ ಪತ್ರಾಗಾರಗಳನ್ನೆಲ್ಲ ಏಕೆ ದೂರುತ್ತೀರಿ?

ಸೇಡಂನವರು:
ತೀರಿಕೊಂಡವರ ಮೇಲೆ ಹೊರಿಸುವುದು ಬಹಳ ಸುಲಭ, ಸ್ವಾಮಿ.

ಬೀದರಿನವರು:
ಕಾಗದ ಮೊದಲು ಬದುಕಿರಲಿ, ಆಮೇಲೆ ನಿಮ್ಮ ಜಗಳ. ನಮ್ಮ ಅಣ್ಣ ಹಠ ಹಿಡಿದು, ಫಸಲಿ (ನಿಜಾಮರ ಕಾಲದ ಕಂದಾಯ ವರ್ಷ) 1340ರ ಇಸ್ಫಂದಾರ್ ಮಾಸದ, ಅಂದರೆ 1930ರ ವಿರಾಸತ್ (ವಾರಸುದಾರಿಕೆಯ) ಹುಕುಮಿಗೆ ಅಂಗಡಿಯಲ್ಲಿ 60 ರೂಪಾಯಿಗೆ ಬಿಸಿ ಲ್ಯಾಮಿನೇಶನ್ ಮಾಡಿಸಿದರು. ಮಡಿಕೆಯಲ್ಲಿದ್ದ ತೇವ ಒಳಗೇ ಸಿಕ್ಕಿಕೊಂಡು ಬೂಷ್ಟು ಹಿಡಿಯಿತು, ಮೊಹರಿನ ಮೇಲೆ ಗುಳ್ಳೆ ಎದ್ದಿತು. ಅದನ್ನು ಬಿಡಿಸಲು ತಜ್ಞರು ಕೇಳಿದ್ದು 18,000 ರೂಪಾಯಿ, ಅದೂ ಅಕ್ಷರ ಉಳಿಯುವ ಭರವಸೆಯಿಲ್ಲದೆ. ನನ್ನ ಪಾಲಿನ ಹಾಳೆಗಳಿಗೆ ಜಪಾನಿ ಟಿಶ್ಯೂ ಕಾಗದವನ್ನು ಗೋಧಿಹಿಟ್ಟಿನ ಅಂಟಿನಿಂದ ಹಚ್ಚಿಸಿದ್ದೇನೆ. ಬೇಕೆಂದಾಗ ತೇವ ಮಾಡಿ ಬಿಡಿಸಬಹುದು. ಅಣ್ಣ ಈಗಲೂ ತನ್ನದೇ ಸರಿ ಎನ್ನುತ್ತಾರೆ.

ಚಿತ್ತಾಪುರದವರು:
ಅದು 1930 ಅಲ್ಲ, 1931. ಹೈದರಾಬಾದಿನ ಫಸಲಿ ವರ್ಷ ಅಕ್ಟೋಬರಿನಲ್ಲಿ ಆಜೂರ್ ಮಾಸದಿಂದ ಆರಂಭವಾಗುತ್ತಿತ್ತು. ಇಸವಿ ತಿಳಿಯಲು ಫಸಲಿಗೆ ಡಿಸೆಂಬರ್ ಕೊನೆಯವರೆಗೆ 590 ಕೂಡಿಸಬೇಕು, ಜನವರಿಯಿಂದ 591. ಇಸ್ಫಂದಾರ್ ಬರುವುದು ಜನವರಿಯಲ್ಲಿ.

ಬೀದರಿನವರು:
ನಾನು ಹೇಳಿದ್ದು ಲ್ಯಾಮಿನೇಶನ್ ವಿಷಯ. ಒಂದು ವರ್ಷ ಆಚೀಚೆಯಾದರೆ ಬೂಷ್ಟು ಹೋಗುತ್ತದೆಯೇ?

ಸೇಡಂನವರು:
ನಿಮಗೆ ಅದು ಆಚೀಚೆ, ನಮಗೆ ದಾವೆಯ ಜೀವಾಳ. ನಮ್ಮ ಒಂದು ಕಾಗದದಲ್ಲಿದ್ದ ಫಸಲಿ 1357ರ ಅಮರ್ದಾದ್ ಮಾಸ ಎಂದರೆ 1948ರ ಜೂನ್, ಹೈದರಾಬಾದ್ ಭಾರತಕ್ಕೆ ಸೇರಿದ ಪೊಲೀಸ್ ಕಾರ್ಯಾಚರಣೆಗೆ ಮೂರು ತಿಂಗಳು ಮೊದಲು. ಅನುವಾದಕರು ಅದನ್ನು 1947 ಎಂದು ಬರೆದುಕೊಟ್ಟರು. ತಿದ್ದುಪಡಿ ಅರ್ಜಿಗೆ ವಕೀಲರು ಮತ್ತೆ 1,500 ರೂಪಾಯಿ ತೆಗೆದುಕೊಂಡರು. ಅನುವಾದಕರು ಈಗ ಫೋನನ್ನೇ ಎತ್ತುತ್ತಿಲ್ಲ.